ಆಟದ ಕೂಲಿ, ಆಟಗಾರನ ಬೆಲೆ

ದುಡಿದವನಿಗೆ ಕೂಲಿ ಸಲ್ಲಬೇಕೆಂಬುದರಲ್ಲಿ ಶರಣಮಾರ್ಗವನ್ನು ನಂಬಿದವರಿಗೆ ಸಂದೇಹವಿಲ್ಲ. ಆದರೆ ಆಡಿದವನಿಗೆ ಕೂಲಿ ಸಲ್ಲಬೇಕೆ? ಅದರಲ್ಲಿಯೂ ಆಡುವವನು ಓದಲೆಂದು ಕಾಲೇಜಿಗೆ ಹೋದ ವಿದ್ಯಾರ್ಥಿಯಾಗಿದ್ದರೆ? ಹಿಂದಿನವರನ್ನು ಈ ಪ್ರಶ್ನೆ ಅಷ್ಟಾಗಿ ಕಾಡಲಿಲ್ಲ. ಗರಡಿಯಲ್ಲಿ ಸಾಮು ಮಾಡಿದ ಹುಡುಗ ಜಾತ್ರೆಯ ಕುಸ್ತಿಯಲ್ಲಿ ಗೆದ್ದು ಒಂದು ಬೆಳ್ಳಿಯ ಕಡಗವನ್ನು ಮನೆಗೆ ತಂದರೆ ಊರೆಲ್ಲ ಸಂತೋಷಪಡುತ್ತಿತ್ತು. ಮರುದಿನ ಅವನು ಎಂದಿನಂತೆ ಹೊಲಕ್ಕೆ ಹೋಗುತ್ತಿದ್ದನು. ಇಂದು ಆಟವೆಂಬುದು ದೊಡ್ಡ ವ್ಯಾಪಾರವಾಗಿದೆ. ಆ ವ್ಯಾಪಾರದ ಗಾಳಿ ನಗರವನ್ನು ದಾಟಿ, ಕಾಲೇಜಿನ ಅಂಗಳವನ್ನು ಹೊಕ್ಕು, ಹಳ್ಳಿಯ ಮನೆಯ ಹೊಸ್ತಿಲವರೆಗೂ ಬಂದಿದೆ. ಆದಕಾರಣ ಗೃಹಸ್ಥರು ಇದನ್ನು ವಿಚಾರಿಸದೆ ಗತ್ಯಂತರವಿಲ್ಲ.

ಹೊಳಲ್ಕೆರೆ ತಾಲ್ಲೂಕಿನ ಹೋಬಳಿಯಾದ ತಾಳ್ಯದ ಕಡೆಯ ಒಂದು ರೈತ ಕುಟುಂಬವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡರೆ ವಿಷಯ ವಿಶದವಾದೀತು. ಮಗನು ಪದವಿ ತರಗತಿಯಲ್ಲಿದ್ದಾನೆ. ದಿನವೂ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋಗಿಬರುತ್ತಾನೆ. ಕಬಡ್ಡಿಯಲ್ಲಿ ಬಲು ಚುರುಕು. ದಾವಣಗೆರೆ ವಿಶ್ವವಿದ್ಯಾಲಯದ ಅಂತರಕಾಲೇಜು ಪಂದ್ಯಗಳಲ್ಲಿ ತನ್ನ ಕಾಲೇಜಿನ ಪರವಾಗಿ ಆಡಿದ್ದಾನೆ. ಸುಗ್ಗಿ ಮುಗಿದು ಊರೂರುಗಳಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗಳು ಆರಂಭವಾದಾಗ ಬೇರೊಂದು ಊರಿನ ತಂಡದವರು ಇವನನ್ನು ಹುಡುಕಿಕೊಂಡು ಬರುತ್ತಾರೆ. ಊಟ, ಬಸ್ಸಿನ ಖರ್ಚು, ಮೇಲೆ ಐನೂರೋ ಸಾವಿರವೋ ರೂಪಾಯಿ. ಮೊದಲು ಒಂದು ರಾತ್ರಿ, ಆಮೇಲೆ ವಾರಕ್ಕೆ ಎರಡು ರಾತ್ರಿ. ಒಂದು ಮುಂಜಾನೆ ಹುಡುಗನು ಕುಂಟುತ್ತ ಬಂದು ತಾಯಿಯ ಕೈಯಲ್ಲಿ ನೋಟುಗಳನ್ನಿಡುತ್ತಾನೆ.

“ಇದು ಯಾವ ದುಡ್ಡಪ್ಪಾ?” ಎಂದು ತಾಯಿ ಕೇಳುತ್ತಾಳೆ.

“ಆಡಿದ್ದಕ್ಕೆ ಕೊಟ್ಟರವ್ವ” ಎನ್ನುತ್ತಾನೆ ಮಗ.

ತಾಯಿಗೆ ಆ ಹಣವನ್ನು ಪೆಟ್ಟಿಗೆಯಲ್ಲಿಡಲು ಮನಸ್ಸು ಒಪ್ಪದು. ಹಿಂದಿರುಗಿಸೆನ್ನಲು ಬಾಯಿ ಬಾರದು. ಕದ್ದ ಹಣವಲ್ಲ, ಬೇಡಿ ತಂದುದಲ್ಲ. ಮೈಮುರಿದು ಗಳಿಸಿದ ಹಣವೇ ಸರಿ. ಆದರೂ ಅವಳ ಮನಸ್ಸು ಅಳುಕಿತು. ಆ ಅಳುಕಿಗೆ ಕಾರಣವೇನೆಂಬುದನ್ನು ಕಂಡುಕೊಂಡರೆ ಪ್ರಶ್ನೆಯ ಅರ್ಧ ಬಿಡಿಸಿದಂತೆಯೇ.

ಆ ಹುಡುಗನ ಕಣ್ಣು ನೆಟ್ಟಿರುವುದು ಸಾವಿರ ರೂಪಾಯಿಯ ಮೇಲಲ್ಲ. 2014ನೆಯ ಇಸವಿಯ ಜುಲೈ 26ರಂದು ಎಂಟು ತಂಡಗಳೊಡನೆ ಪ್ರೊ ಕಬಡ್ಡಿ ಲೀಗ್ ಆರಂಭವಾಯಿತು. 2017ರಲ್ಲಿ ತಂಡಗಳು ಹನ್ನೆರಡಾದವು. ಮಣ್ಣಿನ ಅಂಕಣದ ಆಟ ಮ್ಯಾಟಿನ ಮೇಲೇರಿ, ದೂರದರ್ಶನದ ಮೂಲಕ ಮನೆಮನೆಯನ್ನು ಹೊಕ್ಕಿತು. ಮೊದಲ ವರ್ಷದ ಹರಾಜಿನಲ್ಲಿ ಅತ್ಯಂತ ಹೆಚ್ಚಿನ ಮೊತ್ತ 12 ಲಕ್ಷ 80 ಸಾವಿರ ರೂಪಾಯಿ. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್ ಎಂಬ ಆಟಗಾರನಿಗೆ ತೆತ್ತದ್ದು 2 ಕೋಟಿ 60 ಲಕ್ಷಕ್ಕೂ ಮಿಗಿಲು. ಒಂಬತ್ತು ವರ್ಷಗಳಲ್ಲಿ ಇಪ್ಪತ್ತು ಪಟ್ಟು! ಇವನೇ 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ತಂಡ ಪ್ರಶಸ್ತಿ ಗೆದ್ದಾಗ ಕನ್ನಡ ನಾಡಿನ ಹುಡುಗರ ಕಣ್ಮಣಿಯಾಗಿದ್ದವನು. 2022ರಲ್ಲಿ ಖೋ ಖೋ ಆಟಕ್ಕೂ ಇಂಥದೇ ಒಂದು ಲೀಗ್ ಹುಟ್ಟಿತು. ಕ್ರಿಕೆಟ್ಟಿನ ಮಾತಂತೂ ಹೇಳಬೇಕಾದುದೇ ಇಲ್ಲ. 2024ರ ನವೆಂಬರಿನಲ್ಲಿ ನಡೆದ ಐಪಿಎಲ್ ಹರಾಜಿನಲ್ಲಿ ಹದಿಮೂರು ವರ್ಷದ ಬಾಲಕನೊಬ್ಬನಿಗೆ 1 ಕೋಟಿ 10 ಲಕ್ಷ ರೂಪಾಯಿ ಕೂಗಲಾಯಿತು. ಇದನ್ನೆಲ್ಲ ಕಂಡ ಹುಡುಗನಿಗೆ ಪುಸ್ತಕ ರುಚಿಸದಿದ್ದರೆ ಆಶ್ಚರ್ಯವೇನು?

ಈ ಹಾದಿ ಎಲ್ಲಿಗೆ ಹೋಗಿ ಮುಟ್ಟುವುದೆಂಬುದನ್ನು ಅರಿಯಲು, ಇದರಲ್ಲಿ ಬಹಳ ದೂರ ಸಾಗಿರುವ ಅಮೆರಿಕ ದೇಶದ ವೃತ್ತಾಂತವನ್ನು ನೋಡುವುದು ಉಚಿತ. ಅಲ್ಲಿ ಕಾಲೇಜು ಫುಟ್‌ಬಾಲ್ ಎಂಬುದೊಂದು ಆಟವಿದೆ. ಹೆಸರು ಫುಟ್‌ಬಾಲ್ ಆದರೂ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಎದುರಾಳಿಗಳು ಮೈಮೇಲೆ ಬಿದ್ದು ತಡೆಯುವುದು ಅದರ ಕ್ರಮ. ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ವಿದ್ಯಾರ್ಥಿಗಳು 1869ರಲ್ಲಿ ಆಡಿದ ಪಂದ್ಯದಿಂದ ಅದರ ಚರಿತ್ರೆ ಆರಂಭವಾಗುತ್ತದೆ. ವಿದ್ಯಾರ್ಥಿಗಳ ವಿನೋದವಾಗಿದ್ದ ಅದು ಬೆಳೆದು, ಒಂದು ಲಕ್ಷಕ್ಕೂ ಮೀರಿದ ಜನ ಕುಳಿತು ನೋಡುವ ಕ್ರೀಡಾಂಗಣಗಳು ವಿಶ್ವವಿದ್ಯಾಲಯಗಳಲ್ಲಿ ಎದ್ದವು. ಟಿಕೆಟ್ಟಿನಿಂದ, ದೂರದರ್ಶನದ ಹಕ್ಕಿನಿಂದ, ಜಾಹೀರಾತಿನಿಂದ ಹಣ ಹೊಳೆಯಾಗಿ ಹರಿಯಿತು. ತರಬೇತುದಾರರ ಸಂಬಳ ಕುಲಪತಿಗಳ ಸಂಬಳವನ್ನೂ ಮೀರಿಸಿತು. ಆದರೆ ಆಡುವ ವಿದ್ಯಾರ್ಥಿಗೆ ಮಾತ್ರ ಶುಲ್ಕ, ವಸತಿ, ಊಟ ಮೊದಲಾದುವುಗಳ ಹೊರತು ಸಂಬಳ ಸಲ್ಲದೆಂಬುದು 1906ರಲ್ಲಿ ಸ್ಥಾಪಿತವಾದ ಅಲ್ಲಿನ ಕಾಲೇಜು ಕ್ರೀಡಾ ಮಂಡಲಿಯ ಕಟ್ಟಳೆಯಾಗಿತ್ತು. ಹಣ ಮುಟ್ಟಿದರೆ ಆಟ ಮಲಿನವಾಗುವುದೆಂದು ಅದರ ವಾದ.

ಅದೇ ಭಾವನೆಗೆ ಬಲಿಯಾದವನು ಜಿಮ್ ಥಾರ್ಪ್. ಆ ದೇಶದ ಮೂಲನಿವಾಸಿಗಳ ಕುಲದಲ್ಲಿ ಹುಟ್ಟಿ, ಫುಟ್‌ಬಾಲ್ ಆಟದಲ್ಲಿ ಹೆಸರಾಗಿ, 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಎರಡು ಸ್ವರ್ಣಪದಕಗಳನ್ನು ಗೆದ್ದವನು. ವಿದ್ಯಾರ್ಥಿಯಾಗಿದ್ದಾಗ ಬೇಸಗೆಯಲ್ಲಿ ಅತ್ಯಲ್ಪ ಹಣಕ್ಕೆ ಬೇಸ್‌ಬಾಲ್ ಆಡಿದ್ದನೆಂಬ ಕಾರಣದಿಂದ ಮರುವರ್ಷವೇ ಆ ಪದಕಗಳನ್ನು ಕಿತ್ತುಕೊಳ್ಳಲಾಯಿತು. ಅವನಂತೆ ಹಣಕ್ಕೆ ಆಡಿದ ಇತರರು ಸುಳ್ಳು ಹೆಸರಿಟ್ಟುಕೊಂಡು ಪಾರಾಗಿದ್ದರು. ಥಾರ್ಪ್ ತನ್ನ ಹೆಸರನ್ನು ಮರೆಮಾಡದೆ ಆಡಿದ್ದನು. ಅವನು ತೀರಿಕೊಂಡದ್ದು 1953ರಲ್ಲಿ. ಪದಕಗಳ ಪ್ರತಿಕೃತಿಗಳು ಅವನ ಮಕ್ಕಳ ಕೈಸೇರಿದ್ದು 1983ರಲ್ಲಿ. ಅವನೊಬ್ಬನೇ ವಿಜೇತನೆಂದು ಒಪ್ಪಿದ್ದು 2022ರಲ್ಲಿ. ಸತ್ಯವನ್ನು ಮುಚ್ಚಿಟ್ಟವನಿಗೆ ರಕ್ಷೆ, ಮುಚ್ಚಿಡದವನಿಗೆ ಶಿಕ್ಷೆ! ಇಂಥ ಫಲವನ್ನು ಕೊಡುವ ಕಟ್ಟಳೆಯನ್ನು ಶುದ್ಧವೆಂದು ಕರೆಯುವುದು ಹೇಗೆ?

ಕೊನೆಗೆ ಕಟ್ಟಳೆಯೇ ಕುಸಿಯಿತು. 2021ರ ಜೂನಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಕ್ರೀಡಾ ಮಂಡಲಿಯ ವಿರುದ್ಧ ಒಮ್ಮತದ ತೀರ್ಪನ್ನಿತ್ತಿತು. ಅದರ ಮರುತಿಂಗಳಿನಿಂದ ವಿದ್ಯಾರ್ಥಿ ಆಟಗಾರರು ತಮ್ಮ ಹೆಸರು, ಚಿತ್ರಗಳ ಜಾಹೀರಾತಿನಿಂದ ಹಣ ಪಡೆಯತೊಡಗಿದರು. 2025ರ ಜೂನಿನಲ್ಲಿ ನ್ಯಾಯಾಲಯವು ಒಪ್ಪಿದ ರಾಜಿಯಂತೆ, ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ ಸಲ್ಲಬೇಕೆಂದಾಯಿತು. ಮುಂದೆ ಪ್ರತಿಯೊಂದು ವಿಶ್ವವಿದ್ಯಾಲಯವೂ ಮೊದಲ ವರ್ಷದಲ್ಲಿ ಸುಮಾರು 2 ಕೋಟಿ 5 ಲಕ್ಷ ಡಾಲರುಗಳವರೆಗೆ ತನ್ನ ಆಟಗಾರರಿಗೆ ನೇರವಾಗಿ ಕೊಡಬಹುದೆಂದಾಯಿತು. ನ್ಯಾಯವೇನೋ ದೊರೆಯಿತು. ಆದರೆ ಅದರ ಬೆನ್ನಿಗೇ ಹೊಸ ರೋಗವೊಂದು ಕಾಣಿಸಿಕೊಂಡಿದೆ. ಹೆಚ್ಚು ಹಣ ಕೊಡುವ ಕಾಲೇಜನ್ನು ಹುಡುಕುತ್ತ ಹುಡುಗರು ವರ್ಷಕ್ಕೊಂದು ಕಡೆಗೆ ವಲಸೆ ಹೋಗುತ್ತಿದ್ದಾರೆ. ಅನೇಕ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಹಣದ ಬಹುಪಾಲು ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಸಲ್ಲುತ್ತಿದೆ. ಹಣ ತಾರದ ಆಟಗಳನ್ನು ಮುಂದೆ ಯಾರು ಸಾಕುವರೆಂಬ ಚಿಂತೆ ಹುಟ್ಟಿದೆ. ಹಸಿದವನಿಗೆ ಅನ್ನ ನಿರಾಕರಿಸಿದ್ದು ಮೊದಲ ತಪ್ಪು. ಅನ್ನವಿಡುವಾಗ ಅಳತೆಯನ್ನೇ ಮರೆತದ್ದು ಎರಡನೆಯ ತಪ್ಪು.

ಹೀಗೆ ಎರಡು ಪಕ್ಷಗಳು ಕಾಣುತ್ತವೆ. ಆಟಕ್ಕೆ ಹಣ ಕೂಡದೆಂಬುದು ಒಂದು. ಪೇಟೆ ಎಷ್ಟು ಕೊಟ್ಟರೆ ಅಷ್ಟೂ ಸಲ್ಲತಕ್ಕುದೆಂಬುದು ಇನ್ನೊಂದು. ಇವೆರಡನ್ನೂ ಶರಣರ ಕಾಯಕತತ್ತ್ವದ ಒರೆಗಲ್ಲಿಗೆ ಹಚ್ಚಿ ನೋಡಬೇಕು.

ಮೊದಲನೆಯ ಪಕ್ಷವು ಮೇಲುನೋಟಕ್ಕೆ ವೈರಾಗ್ಯದಂತೆ ತೋರುತ್ತದೆ. ಆದರೆ ಅದು ಹುಟ್ಟಿದ್ದು ವೈರಾಗ್ಯದಲ್ಲಲ್ಲ, ಸಿರಿವಂತಿಕೆಯಲ್ಲಿ. ಕೂಲಿಯಿಲ್ಲದೆ ಆಡಬಲ್ಲವನು ಉಣ್ಣಲಿಕ್ಕೆ ಚಿಂತೆಯಿಲ್ಲದವನು ಮಾತ್ರ. ಬಡವನ ಮಗ ಒಂದು ದಿನ ಆಡಿದರೆ ಒಂದು ದಿನದ ಕೂಲಿ ತಪ್ಪುತ್ತದೆ. ಹಣಕ್ಕೆ ಆಡುವವನು ಕೀಳು ಎಂಬ ಮಾತಿನ ಒಳಗೆ, ದುಡಿದು ಉಣ್ಣುವವನು ಕೀಳು ಎಂಬ ಹಳೆಯ ಭೇದವೇ ಅಡಗಿದೆ. ಆ ಭೇದವನ್ನೇ ಅಲ್ಲವೆ ಶರಣರು ಹನ್ನೆರಡನೆಯ ಶತಮಾನದಲ್ಲಿ ತೊಡೆದುಹಾಕಿದ್ದು?

ಆಟವು ಕಾಯಕವೆನಿಸೀತೆ, ಅದು ಕೇವಲ ಮನರಂಜನೆಯಲ್ಲವೆ ಎಂದು ಕೆಲವರು ಶಂಕಿಸಬಹುದು. ಕಲ್ಯಾಣದ ಶರಣಸಮೂಹವನ್ನು ನೆನೆದರೆ ಈ ಶಂಕೆ ನಿಲ್ಲದು. ಅಲ್ಲಿ ಬಟ್ಟೆ ಒಗೆಯುವ ಮಾಚಯ್ಯನಿದ್ದನು, ದೋಣಿ ನಡೆಸುವ ಚೌಡಯ್ಯನಿದ್ದನು, ಹಗ್ಗ ಹೊಸೆಯುವ ಚಂದಯ್ಯನಿದ್ದನು. ಅವರ ಜೊತೆಗೇ ವೇಷ ಕಟ್ಟಿ ಆಡುವ ಬಹುರೂಪಿ ಚೌಡಯ್ಯನೂ ಇದ್ದನು. ಜನರನ್ನು ನಗಿಸುವುದನ್ನೇ ಕಾಯಕವಾಗಿ ಮಾಡಿಕೊಂಡ ನಗೆಯ ಮಾರಿತಂದೆಯೂ ಇದ್ದನು. ಇವರಿಬ್ಬರೂ ವಚನಕಾರರು. ಜನರ ಮನಸ್ಸಿಗೆ ಉಲ್ಲಾಸವನ್ನು ಕೊಡುವುದು ಕೀಳಾದ ವೃತ್ತಿಯಾಗಿದ್ದರೆ ಶರಣರ ಪಂಕ್ತಿಯಲ್ಲಿ ಇವರಿಗೆ ಎಡೆಯೆಲ್ಲಿರುತ್ತಿತ್ತು? ಆದಕಾರಣ ಸಾವಿರಾರು ಜನರ ಮುಂದೆ ಉಸಿರು ಕಟ್ಟಿ ಆಡುವ ಯುವಕನ ಬೆವರೂ ಬೆವರೇ. ಅದಕ್ಕೆ ಪ್ರತಿಫಲ ಸಲ್ಲುವುದು ನ್ಯಾಯವೇ. ಅವನ ಆಟವನ್ನು ತೋರಿಸಿ ಇತರರು ಹಣ ಮಾಡುವಾಗ ಅವನಿಗೆ ಮಾತ್ರ ತ್ಯಾಗವನ್ನು ಬೋಧಿಸುವುದು ಧರ್ಮವಲ್ಲ, ಧರ್ಮದ ವೇಷ ತೊಟ್ಟ ಲೋಭ.

ಇನ್ನು ಎರಡನೆಯ ಪಕ್ಷ. ಇದಕ್ಕೆ ಉತ್ತರವು ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಚರಿತ್ರೆಯಲ್ಲಿದೆ. ಮಾರಯ್ಯನದು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದನು. ಲಕ್ಕಮ್ಮ ಹಿಗ್ಗಲಿಲ್ಲ, ಈ ಹೆಚ್ಚಿನದು ಏಕೆ ಬಂದಿತೆಂದು ವಿಚಾರಿಸಿ, ಮಿಕ್ಕುದನ್ನು ಇದ್ದಲ್ಲಿಯೇ ಸುರಿದು ಬರಲು ಹೇಳಿದಳು. ಈ ಪ್ರಸಂಗವನ್ನು ಬಡತನದ ಪ್ರಶಂಸೆಯೆಂದು ತಿಳಿಯುವುದು ತಪ್ಪು. ಲಕ್ಕಮ್ಮ ಅಕ್ಕಿಯನ್ನು ಬೇಡವೆನ್ನಲಿಲ್ಲ. ದಾಸೋಹಕ್ಕೆ ಬೇಕಾದ ಅಕ್ಕಿಯನ್ನು ಅವಳೇ ಬೇಯಿಸುತ್ತಿದ್ದಳು. ಅವಳು ನಿರಾಕರಿಸಿದ್ದು ಕಾಯಕದ ಅಳತೆಯನ್ನು ಮೀರಿದ ಭಾಗವನ್ನು ಮಾತ್ರ. ಕೈಯ ಕೆಲಸ ಹಿಂದಾಗಿ ಮನಸ್ಸಿನ ಆಸೆ ಮುಂದಾದ ಗಳಿಗೆಯನ್ನು ಅವಳು ಅಕ್ಕಿಯ ತೂಕದಲ್ಲಿಯೇ ಕಂಡುಹಿಡಿದಳು.

ತಾಳ್ಯದ ಆ ತಾಯಿಯ ಅಳುಕೂ ಇದೇ. “ಇದು ಯಾವ ದುಡ್ಡಪ್ಪಾ?” ಎಂಬ ಅವಳ ಮಾತು ಲಕ್ಕಮ್ಮನ ಪ್ರಶ್ನೆಯ ವಂಶಕ್ಕೆ ಸೇರಿದ್ದು.

ಇಲ್ಲಿ ಕೂಲಿಗೂ ಬೆಲೆಗೂ ಇರುವ ಅಂತರವನ್ನು ಸೂಕ್ಷ್ಮವಾಗಿ ಗಮನಿಸಬೇಕು. ಕೂಲಿ ಸಲ್ಲುವುದು ಮಾಡಿದ ಕೆಲಸಕ್ಕೆ. ಬೆಲೆ ಕಟ್ಟುವುದು ವಸ್ತುವಿಗೆ. ಕೂಲಿ ಪಡೆದವನು ಸಂಜೆಗೆ ತನ್ನ ಮನೆಗೆ ತಾನು ಒಡೆಯನಾಗಿ ಹಿಂದಿರುಗುತ್ತಾನೆ. ಬೆಲೆಗೆ ಬಿದ್ದದ್ದು ಕೊಂಡವನ ಹಿಂದೆ ಹೋಗುತ್ತದೆ. ರಾಸುಗಳ ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸಿ, ಸುಳಿ ನೋಡಿ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ಚಿತ್ರದುರ್ಗ ಸೀಮೆಯ ರೈತರು ಬಲ್ಲರು. ಅದು ಎತ್ತಿಗೆ ಸಲ್ಲುವ ಕ್ರಮ. ಹರಾಜಿನಲ್ಲಿ ಕೂಗುವುದು ಆಟಗಾರನನ್ನಲ್ಲ, ಅವನ ಕರಾರನ್ನು ಎಂದು ವ್ಯಾಪಾರಿಗಳು ಸಮಾಧಾನ ಹೇಳುತ್ತಾರೆ. ಕಾಯಿದೆಯ ದೃಷ್ಟಿಯಲ್ಲಿ ಅದು ನಿಜವಿರಬಹುದು. ಆಟಗಾರರು ಸ್ವಂತ ಇಚ್ಛೆಯಿಂದಲೇ ಅದಕ್ಕೆ ಒಪ್ಪುತ್ತಾರೆಂಬುದೂ ನಿಜ. ಆದರೆ ಮರುದಿನದ ವೃತ್ತಪತ್ರಿಕೆಗಳು ಬರೆಯುವುದೇನು? ಇಂಥವನು ಇಷ್ಟಕ್ಕೆ ಬಿಕರಿಯಾದನು, ಇಂಥವನು ಮಾರಾಟವಾಗದೆ ಉಳಿದನು ಎಂದಲ್ಲವೆ? ನಾಲಗೆಗೆ ರೂಢಿಯಾದದ್ದು ಬರಬರುತ್ತ ಮನಸ್ಸಿಗೂ ರೂಢಿಯಾಗುತ್ತದೆ. ಮಾರಾಟವಾಗದೆ ಉಳಿದ ಹುಡುಗನು ತಾನು ಬೆಲೆಯಿಲ್ಲದವನೆಂದು ನಂಬುತ್ತಾನೆ. ಮಾರಾಟವಾದವನು ತನ್ನ ಬೆಲೆಯೇ ತಾನೆಂದು ನಂಬುತ್ತಾನೆ. ದೇಹವನ್ನೇ ದೇಗುಲವೆಂದು ಬಗೆದ ಪರಂಪರೆಗೆ ಈ ಎರಡು ನಂಬಿಕೆಗಳೂ ಪರಕೀಯ.

ವಿದ್ಯಾರ್ಥಿಯ ವಿಷಯದಲ್ಲಿ ಇನ್ನೊಂದು ವಿಚಾರವಿದೆ. ಅವನ ಮೊದಲನೆಯ ಕಾಯಕ ವಿದ್ಯಾರ್ಜನೆ. ಒಂದು ಕಾಯಕವನ್ನು ಕೊಂದು ಮತ್ತೊಂದನ್ನು ಸಾಕುವುದು ಕಾಯಕನಿಷ್ಠೆಯಾಗದು. ಪ್ರೊ ಕಬಡ್ಡಿಯ ಹನ್ನೆರಡು ತಂಡಗಳಲ್ಲಿ ತಂಡಕ್ಕೆ ಇಪ್ಪತ್ತೈದು ಮಂದಿಯೆಂದು ಎಣಿಸಿದರೂ ಒಟ್ಟು ಮುನ್ನೂರು ಜನ. ಅವರಲ್ಲಿಯೂ ಕೋಟಿ ಮುಟ್ಟುವವರು ಬೆರಳೆಣಿಕೆಯವರು. ದೇಶದ ಕಾಲೇಜುಗಳಲ್ಲಿ ಕಬಡ್ಡಿಯಾಡುವ ಹುಡುಗರಾದರೋ ಅಸಂಖ್ಯಾತರು. ಆ ಮುನ್ನೂರರ ಹೊರಗೆ ನಿಂತವನ ಗತಿಯೇನು? ಮಂಡಿಯ ಕೀಲು ಒಮ್ಮೆ ತಪ್ಪಿದರೆ ಇಪ್ಪತ್ತೆರಡನೆಯ ವರ್ಷದಲ್ಲಿಯೇ ಆಟ ಮುಗಿಯಿತು. ಆಗ ಅವನ ಕೈಯಲ್ಲಿ ಪದವಿಯಾದರೂ ಇರಬೇಡವೆ? ಹೆಣ್ಣುಮಕ್ಕಳ ಪಾಡನ್ನೂ ನೋಡಬೇಕು. ಕಾರ್ಕಳದ ಕಡೆಯ ರೈತ ಮನೆತನದ ಮಮತಾ ಪೂಜಾರಿ ಭಾರತ ತಂಡದ ನಾಯಕಿಯಾಗಿ 2012ರ ಮಹಿಳಾ ವಿಶ್ವಕಪ್ಪನ್ನು ಗೆದ್ದರು, 2014ರಲ್ಲಿ ಅರ್ಜುನ ಪ್ರಶಸ್ತಿಯನ್ನು ಪಡೆದರು. ಅವರ ಜೀವನಕ್ಕೆ ಆಧಾರವಾದದ್ದು ಹರಾಜಿನ ಹಣವಲ್ಲ, ರೈಲ್ವೆಯ ಉದ್ಯೋಗ. ಪುರುಷರ ಲೀಗಿನ ಜೊತೆಗೆ 2016ರಲ್ಲಿ ಮೂರು ಮಹಿಳಾ ತಂಡಗಳ ಪಂದ್ಯಗಳನ್ನು ಏರ್ಪಡಿಸಿದರು, ಅದು ಮುಂದುವರಿಯಲಿಲ್ಲ. ಪೇಟೆಯು ಬೆಲೆ ಕಟ್ಟುವುದು ಶ್ರಮವನ್ನು ನೋಡಿಯಲ್ಲ, ಗಿರಾಕಿಯನ್ನು ನೋಡಿ. ಅದರ ಕೈಯಲ್ಲಿ ನ್ಯಾಯದ ತಕ್ಕಡಿಯನ್ನು ಕೊಡಲಾಗದು.

ಹಾಗಾದರೆ ಮಾಡತಕ್ಕದ್ದೇನು? ದಾರಿಗಳು ಇಲ್ಲದೆ ಇಲ್ಲ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದ ಕ್ರೀಡಾಪಟುವಿಗೆ ತರಬೇತಿ, ವಸತಿ, ಆಹಾರಗಳಲ್ಲದೆ ತಿಂಗಳಿಗೆ 10,000 ರೂಪಾಯಿ ಕೈಖರ್ಚಿಗೆಂದು ಗೊತ್ತುಮಾಡಲಾಯಿತು. ಇದು ಬೆಲೆಯಲ್ಲ, ಸಾಧನೆಗೆ ಕೊಟ್ಟ ಆಸರೆ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ದೇಶದ ನಾನಾ ವಿಶ್ವವಿದ್ಯಾಲಯಗಳ ಯುವಕ ಯುವತಿಯರು ತಮ್ಮ ಸಂಸ್ಥೆಯ ಹೆಸರಿನಲ್ಲಿಯೇ ಆಡಿದರು. ಇಂಥ ಆಸರೆ ತಾಲ್ಲೂಕಿನ ಕಾಲೇಜುಗಳವರೆಗೂ ಇಳಿದು ಬರಬೇಕು. ವಿದ್ಯಾರ್ಥಿಯ ಆಟದಿಂದ ಯಾವ ಸಂಸ್ಥೆಗೆ ಹಣವೋ ಹೆಸರೋ ಬರುವುದೋ ಆ ಸಂಸ್ಥೆಯು ಅವನ ಗಾಯಕ್ಕೆ ಚಿಕಿತ್ಸೆಯನ್ನೂ ತಪ್ಪಿದ ಪಾಠಕ್ಕೆ ಪಾಠವನ್ನೂ ಪರೀಕ್ಷೆಗೆ ಕಾಲಾವಕಾಶವನ್ನೂ ಕೊಡುವ ಹೊಣೆ ಹೊರಬೇಕು. ಆಟಗಾರನೆಂಬ ಕಾರಣದಿಂದ ಪಾಠವಿಲ್ಲದೆ ತೇರ್ಗಡೆ ಮಾಡಿಸುವುದು ಉಪಕಾರವಲ್ಲ; ಅದು ಅವನ ಪಾಲಿನ ವಿದ್ಯೆಯನ್ನು ಕದ್ದಂತೆ. ಪಂದ್ಯಾವಳಿ ನಡೆಸುವ ಊರಿನವರು ಕೊಡುವ ಹಣವನ್ನು ಮರೆಯಲ್ಲಿ ಕೊಡದೆ ಎಲ್ಲರೆದುರು, ಲೆಕ್ಕವಿಟ್ಟು ಕೊಡಬೇಕು. ಬೆಳಕಿನಲ್ಲಿ ಕೊಟ್ಟುದು ಕೂಲಿ. ಕತ್ತಲಲ್ಲಿ ಕೊಟ್ಟುದಕ್ಕೆ ಬೇರೆ ಹೆಸರುಗಳಿವೆ.

ಆಟದ ಕಾಯಕವು ದೇಹದ ಬಲ ಕುಂದಿದೊಡನೆ ಮುಗಿಯಬೇಕೆಂದೂ ಇಲ್ಲ. ಕರ್ನಾಟಕದ ಬಿ. ಸಿ. ರಮೇಶ್ ಭಾರತ ತಂಡದಲ್ಲಿ ಆಡಿ, ಆಮೇಲೆ ಗುರುವಿನ ಸ್ಥಾನದಲ್ಲಿ ನಿಂತು, 2019ರಲ್ಲಿ ಬಂಗಾಳದ ತಂಡವನ್ನೂ 2024ರಲ್ಲಿ ಪುಣೆಯ ತಂಡವನ್ನೂ ಪ್ರೊ ಕಬಡ್ಡಿಯ ವಿಜಯಕ್ಕೆ ನಡೆಸಿದರು. ತಾನು ಅರಿತುದನ್ನು ಕಿರಿಯರಿಗೆ ಧಾರೆಯೆರೆಯುವುದು ದಾಸೋಹದ ಒಂದು ರೂಪವೇ. ಸಂಪಾದನೆ ಹೆಚ್ಚಿ ಬಂದಾಗಲೂ ದಾಸೋಹವೇ ಅದಕ್ಕೆ ಅಳತೆ. ಲೀಗಿನಲ್ಲಿ ಆಡಿ ಲಕ್ಷಗಳನ್ನು ಪಡೆದವನು ತನ್ನ ಊರಿನ ಶಾಲೆಗೆ ಒಂದು ಮ್ಯಾಟನ್ನೋ, ಓದುವ ಬಡ ಹುಡುಗಿಗೆ ಒಂದು ವರ್ಷದ ಶುಲ್ಕವನ್ನೋ ಕೊಟ್ಟರೆ, ಮಾರಯ್ಯನು ಹೆಚ್ಚಿನ ಅಕ್ಕಿಯನ್ನು ಮಹಾಮನೆಯ ಅಂಗಳಕ್ಕೆ ಹಿಂದಿರುಗಿಸಿದ ಕ್ರಮವನ್ನೇ ಅನುಸರಿಸಿದಂತಾಯಿತು.

ಕಾಲೇಜು ಕ್ರೀಡೆಯ ಮುಂದಿನ ಗತಿಯನ್ನು ದೊಡ್ಡ ನಗರಗಳ ವ್ಯಾಪಾರಿಗಳೇ ನಿರ್ಣಯಿಸುವರೆಂದು ಗೃಹಸ್ಥರು ಕೈಚೆಲ್ಲಿ ಕೂರಬಾರದು. ಅದರ ಒಂದು ಭಾಗ ಮನೆಯ ನಡುಮನೆಯಲ್ಲಿಯೇ ನಿರ್ಣಯವಾಗುತ್ತದೆ. ತಾಳ್ಯದ ಆ ತಾಯಿ ನೋಟನ್ನು ಎಸೆಯಬೇಕಾಗಿಲ್ಲ, ಮಗನನ್ನು ಜರೆಯಬೇಕಾಗಿಲ್ಲ. ಅವಳು ಇನ್ನೂ ಮೂರು ಮಾತು ಕೇಳಿದರೆ ಸಾಕು: ಇದು ನೀನು ಆಡಿದ ಆಟಕ್ಕೆ ಕೊಟ್ಟುದೋ, ಸೋತು ಕೊಡೆಂದು ಕೊಟ್ಟುದೋ? ಇದಕ್ಕಾಗಿ ಯಾವ ಪಾಠ ತಪ್ಪಿತು? ನಾಳೆ ಕಾಲು ಮುರಿದರೆ ಇವರು ಬಾಗಿಲಿಗೆ ಬರುವರೋ? ಈ ಮೂರಕ್ಕೂ ಮಗನು ತಲೆಯೆತ್ತಿ ಉತ್ತರ ಹೇಳಬಲ್ಲನಾದರೆ ಆ ಹಣ ಕಾಯಕದ ಹಣ. ಅದನ್ನು ನಿಸ್ಸಂಕೋಚವಾಗಿ ಪೆಟ್ಟಿಗೆಯಲ್ಲಿಡಬಹುದು. ಹೇಳಲಾರದೆ ಅವನು ನೆಲ ನೋಡಿದರೆ, ಎಷ್ಟನ್ನು ಹಿಂದಿರುಗಿಸಬೇಕೆಂಬುದನ್ನು ಅವನ ಮೌನವೇ ಹೇಳುತ್ತದೆ.